ಮಾವನ ಬೆನ್ನು, ನನ್ನ ಬಿಳಿ ಕೋಟು

ಬೆನ್ನುಮೂಳೆ ಎಂದರೆ ಕುತ್ತಿಗೆಯಿಂದ ಸೊಂಟದವರೆಗೆ ಇಳಿಬಿಟ್ಟ ಒಂದೇ ಒಂದು ಉದ್ದನೆಯ ಮೂಳೆ, ಕಿಟಕಿಯ ಸರಳಿನ ಹಾಗೆ, ಎಂದು ನಾನು ಬಹಳ ಕಾಲ ನಂಬಿದ್ದೆ. ‘ಹಾಗಾದರೆ ಮನುಷ್ಯ ಬಗ್ಗುವುದು ಹೇಗಯ್ಯಾ?’ ಎಂದು ನೀವು ಕೇಳಬಹುದು. ನಾನು ಕೇಳಿಕೊಂಡಿರಲಿಲ್ಲ. ಬಗ್ಗಿ ಮಾಡುವ ಕೆಲಸಗಳನ್ನು ಆದಷ್ಟು ತಪ್ಪಿಸಿಕೊಂಡೇ ಬೆಳೆದವನು ನಾನು!

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬೆನ್ನುಮೂಳೆಯ ಬಗ್ಗೆ ಏನೇನೂ ತಿಳಿಯದೆ ಸುಖವಾಗಿ ಬಾಳಿದವರು ಕೋಟಿಗಟ್ಟಲೆ ಇದ್ದಾರೆ. ಆದರೆ ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಹಾಸಿಗೆ ಮಾರುವುದು. ನಮ್ಮ ಅಂಗಡಿಯ ಯಜಮಾನರಿಗೆ ಒಂದು ದಿನ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಮಾರಾಟದವರಿಗೆಲ್ಲ ಬಿಳಿ ಕೋಟು ಹೊಲಿಸಿಬಿಟ್ಟರು. ಎದೆಯ ಮೇಲೆ ‘ನಿದ್ರಾ ಸಲಹೆಗಾರ’ ಎಂಬ ಬಿಲ್ಲೆ. ಬಿಳಿ ಕೋಟಿನ ಮಹಿಮೆ ಅದೇನೋ! ನಿನ್ನೆಯವರೆಗೆ “ಏಯ್, ಆ ಹಾಸಿಗೆ ಎಳಿ ನೋಡೋಣ” ಎನ್ನುತ್ತಿದ್ದ ಗಿರಾಕಿಗಳು, ಇವತ್ತು “ಸಾರ್, ಬೆಳಿಗ್ಗೆ ಎದ್ರೆ ಸೊಂಟ ಹಿಡ್ಕೊಳ್ಳುತ್ತೆ, ಏನು ಮಾಡ್ಲಿ?” ಎಂದು ದನಿ ತಗ್ಗಿಸಿ ಕೇಳತೊಡಗಿದರು. ನಾನೂ ಅವರ ಬೆನ್ನನ್ನು ಎರಡು ಬೆರಳಿನಿಂದ ತಟ್ಟಿ, ಕಣ್ಣು ಮುಚ್ಚಿ, ಗಂಭೀರವಾಗಿ ತಲೆಯಾಡಿಸಿ, “ಹ್ಞೂಂ... ಗಟ್ಟಿ ಹಾಸಿಗೆ ಬೇಕು. ಬೆನ್ನು ನೆಟ್ಟಗಿರಬೇಕು!” ಎಂದು ಅಪ್ಪಣೆ ಕೊಡಿಸುತ್ತಿದ್ದೆ. ಗಟ್ಟಿ ಹಾಸಿಗೆಗಳು ಮಾರಾಟವಾಗದೆ ನಮ್ಮ ಗೋದಾಮಿನಲ್ಲಿ ಕೊಳೆಯುತ್ತಿದ್ದವು ಎಂಬುದು ಬೇರೆ ವಿಷಯ.

ಹೀಗೆ ಊರವರ ಬೆನ್ನುಗಳನ್ನೆಲ್ಲ ಉದ್ಧಾರ ಮಾಡುತ್ತಿದ್ದ ನನಗೆ, ಮನೆಯಲ್ಲೇ ಒಂದು ಬಾಗಿದ ಬೆನ್ನು ಕಣ್ಣಿಗೆ ಬಿತ್ತು. ಅದು ಮಾವನದು. ಅಂದರೆ ನನ್ನ ಹೆಂಡತಿಯ ತಂದೆಯದು.

ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಮೈದಾನದಲ್ಲಿ ಅವರು “ನೆಟ್ಟಗೆ ನಿಲ್ಲು!” ಎಂದು ಗುಡುಗಿದರೆ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನ ಆಚೆ ಸೈಕಲ್ಲಿಗೆ ಒರಗಿ ಹರಟುತ್ತಿದ್ದವರೂ ನೆಟ್ಟಗಾಗುತ್ತಿದ್ದರಂತೆ. ಮಕ್ಕಳು ಅವರಿಗೆ ಇಟ್ಟಿದ್ದ ಅಡ್ಡಹೆಸರು ‘ಧ್ವಜಕಂಬ’. ನಮ್ಮ ಮದುವೆಯ ಫೋಟೋದಲ್ಲಿ ಎಲ್ಲರೂ ಅತ್ತಿತ್ತ ಒಂದಿಷ್ಟು ವಾಲಿದ್ದೇವೆ. ಮಾವ ಮಾತ್ರ ಫೋಟೋದ ಚೌಕಟ್ಟಿಗೇ ಪೈಪೋಟಿ ಕೊಟ್ಟು ನಿಂತಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದು ಇದ್ದಾರೆ. ನನ್ನನ್ನು “ಅಳಿಯಂದ್ರೇ” ಎಂದು ಬಹುವಚನದಲ್ಲೇ ಮಾತಾಡಿಸುತ್ತಾರೆ. ಆ ಬಹುವಚನದಲ್ಲಿ ಮರ್ಯಾದೆಯ ಪಾಲೆಷ್ಟು, ನನ್ನ ಹೊಟ್ಟೆಯ ಸುತ್ತಳತೆಯ ಪಾಲೆಷ್ಟು ಎಂಬುದು ಮಾತ್ರ ನನಗೆ ಬಗೆಹರಿದಿರಲಿಲ್ಲ.

ಅಂಥ ಧ್ವಜಕಂಬ ಕೆಲವು ತಿಂಗಳಿಂದ ಮುಂದಕ್ಕೆ ವಾಲತೊಡಗಿತ್ತು. ಅಡುಗೆಮನೆಗೆ ಬಂದರೆ ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿ ನಿಲ್ಲುತ್ತಿದ್ದರು. ಗಡ್ಡ ಹೆರೆಯುವಾಗ ಬೇಸಿನ್ನಿನ ಮೇಲೆ ಬಾಗಿ, ಕನ್ನಡಿಯನ್ನು ಕೆಳಗಿನಿಂದ ನೋಡುತ್ತಿದ್ದರು. ಬೀದಿಗೆ ಹೊರಟರೆ ತಿರುವು ತಲುಪುವಷ್ಟರಲ್ಲಿ ತಟ್ಟನೆ ನಿಂತು ಬಗ್ಗುತ್ತಿದ್ದರು.

“ಏನಾಯ್ತು ಮಾವ?”

“ಏನಿಲ್ಲ, ಲೇಸು ಬಿಚ್ಚಿತು.”

ಸ್ವಲ್ಪ ದೂರ ಹೋದರೆ ಮತ್ತೆ ಲೇಸು. ಹಾಲಿನ ಅಂಗಡಿಯ ಮುಂದೆ ಮತ್ತೊಮ್ಮೆ ಲೇಸು. ಇದೆಂಥ ದರಿದ್ರ ಲೇಸು ಎಂದು ಒಂದು ದಿನ ನಾನೂ ಬಗ್ಗಿ ನೋಡಿದೆ. ಮಾವ ಹಾಕಿಕೊಂಡಿದ್ದು ಚಪ್ಪಲಿ!

“ಅಪ್ಪನ್ನ ಡಾಕ್ಟರಿಗೆ ತೋರಿಸೋಣ ರೀ,” ಎಂದಳು ಹೆಂಡತಿ.

“ಯಾವ ಡಾಕ್ಟರೂ ಬೇಡ,” ಮಾವ ಪೇಪರಿನ ಹಿಂದಿನಿಂದಲೇ ಹೇಳಿದರು. “ಹೋದ್ರೆ ‘ವಯಸ್ಸಾಯ್ತು, ನಡೀಬೇಡಿ, ಮಲಕ್ಕೊಳ್ಳಿ’ ಅಂತಾರೆ. ನನ್ನ ಕಾಲು ನಡೆಯೋ ತನಕ ನಾನು ಮನುಷ್ಯ ಕಣಮ್ಮ. ಆಮೇಲೆ ಮನೆಯ ಒಂದು ಸಾಮಾನು. ಧೂಳು ಒರೆಸಿ ಇಡಬೇಕು, ಅಷ್ಟೆ.”

ಅವರು ನಗುತ್ತಲೇ ಹೇಳಿದರು. ಹೆಂಡತಿ ನಗಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ನನಗೆ ಒಲಿದಿಲ್ಲ.

“ಡಾಕ್ಟರ್ ಯಾಕೆ? ಮನೇಲೇ ನಾನಿಲ್ವಾ?” ಎಂದೆ.

“ನೀವು ಹಾಸಿಗೆ ಮಾರೋರು!”

“ಹಾಸಿಗೆ ಮೇಲೆ ಮಲಗೋದು ಬೆನ್ನೇ ತಾನೇ?”

“ಹಾಗಂತ ತಟ್ಟೆ ಮಾರೋರು ಹೊಟ್ಟೆ ಆಪರೇಷನ್ ಮಾಡ್ತಾರಾ?”

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಆದರೆ ಬಿಳಿ ಕೋಟು ಹಾಕಿದ ಗಂಡಸು ಅಷ್ಟಕ್ಕೆಲ್ಲ ಸೋಲುತ್ತಾನೆಯೇ? “ಒಂದೇ ಒಂದು ತಿಂಗಳು ಕೊಡು. ನಿಮ್ಮಪ್ಪನ ಬೆನ್ನು ಹಿಡ್ಕೊಂಡು ನೀನು ಗೆರೆ ಎಳೀಬಹುದು, ಹಾಗೆ ಮಾಡ್ತೀನಿ!” ಎಂದು ಎದೆ ತಟ್ಟಿಕೊಂಡೆ. ಬಿಲ್ಲೆಯ ಪಿನ್ನು ಚುಚ್ಚಿತು. ಅಪಶಕುನ ಎಂದು ಆಗಲೇ ತಿಳಿದುಕೊಳ್ಳಬೇಕಿತ್ತು.

ಮಾವ ಪೇಪರು ಕೆಳಗಿಳಿಸಿದರು. ಮಗಳ ಮುಖ ನೋಡಿದರು. ಮಗಳು ನನ್ನ ಹೊಟ್ಟೆ ನೋಡಿದಳು. ಮಾವನೂ ನೋಡಿದರು.

“ಆಗಲಿ ಅಳಿಯಂದ್ರೇ,” ಎಂದರು. “ಆದ್ರೆ ಒಂದು ಷರತ್ತು. ದಿನಾ ಬೆಳಿಗ್ಗೆ ನೀವೂ ನನ್ನ ಜೊತೆ ನಡೀಬೇಕು. ಒಂದು ದಿನವೂ ತಪ್ಪಿಸೋ ಹಾಗಿಲ್ಲ.”

“ಅದಕ್ಕೇನಂತೆ! ನಾನಿಲ್ಲದೆ ನಿಮ್ಮನ್ನ ತಿದ್ದೋರು ಯಾರು ಮಾವ?”

“ತಿಂಗಳು ಅಂದ್ರೆ ತಿಂಗಳು,” ಎಂದಳು ಹೆಂಡತಿ. “ಆಮೇಲೆ ಡಾಕ್ಟರು. ಇಬ್ಬರೂ ತುಟಿ ಪಿಟಕ್ಕೆನ್ನೋ ಹಾಗಿಲ್ಲ.”

ಚಿಕಿತ್ಸೆ ಆರಂಭವಾಯಿತು! ಮೊದಲು ಹಾಸಿಗೆ. ಗೋದಾಮಿನಲ್ಲಿದ್ದ ಅತ್ಯಂತ ಗಟ್ಟಿಯದನ್ನೇ ಹೊತ್ತು ತಂದೆ. ಅದರ ಮೇಲೆ ಮಲಗಿ ನೋಡಿದ ಗಿರಾಕಿಯೊಬ್ಬರು, “ಇದು ಮಂಚ ಆಯ್ತು, ಹಾಸಿಗೆ ತೋರಿಸಿ” ಎಂದಿದ್ದರು. ಮಾವನಿಗೆ ಮಗ್ಗುಲಾಗಿ, ಮಂಡಿ ಮಡಚಿ, ಮಗುವಿನ ಹಾಗೆ ಮುದುರಿಕೊಂಡು ಮಲಗುವ ಅಭ್ಯಾಸ. ನಾನು ಬಿಡಬೇಕಲ್ಲ! “ಅಂಗಾತ ಮಾವ! ಕಾಲು ಚಾಚಿ! ಬೆನ್ನು ನೆಟ್ಟಗೆ!” ಮಾವ ಚಾಚಿದರು. ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಾಣುತ್ತಿತ್ತು. ‘ಹಟ ಗಟ್ಟಿಯಿದೆ, ಬೇಗ ಗುಣ ಆಗುತ್ತೆ’ ಎಂದುಕೊಂಡೆ.

ಎರಡನೆಯದು ಸೊಂಟದ ಪಟ್ಟಿ. ಹಾಸಿಗೆ ಕೊಂಡವರಿಗೆ ನಮ್ಮ ಅಂಗಡಿಯಲ್ಲಿ ಉಚಿತವಾಗಿ ಕೊಡುವಂಥದ್ದು. ಹಿಂದಿನಿಂದ ಎಳೆದು ಕಟ್ಟಿದರೆ ಎದೆ ಮುಂದಕ್ಕೆ, ಭುಜ ಹಿಂದಕ್ಕೆ, ಕಣ್ಣುಗುಡ್ಡೆ ಹೊರಕ್ಕೆ.

ಮೂರನೆಯದು ನಡಿಗೆ. ನಮ್ಮ ಬೀದಿ ಇಳಿಜಾರಿನದು. ಮನೆಯಿಂದ ಪಾರ್ಕಿಗೆ ಇಳಿಯಬೇಕು, ಬರುವಾಗ ಹತ್ತಬೇಕು. ಮಕ್ಕಳ ಪೀಳಿಗೆಗೆ ಪೀಳಿಗೆಯನ್ನೇ ನೆಟ್ಟಗೆ ನಿಲ್ಲಿಸಿದ ಮನುಷ್ಯನ ಹಿಂದೆ ನಾನು, “ನೆಟ್ಟಗೆ ಮಾವ! ಎದೆ ಮುಂದೆ! ಆಕಾಶ ನೋಡಿ!” ಎಂದು ಕೂಗುತ್ತ ಹೋಗುವುದನ್ನು ಬೀದಿಯೇ ನಿಂತು ನೋಡಿತು. ಇಳಿಯುವಾಗ ಮಾವ ಕಂಬ ಕಂಬಕ್ಕೂ ನಿಲ್ಲುತ್ತಿದ್ದರು. “ಕಾಲು ಭಾರ ಅಳಿಯಂದ್ರೇ. ಇರುವೆ ಹರಿದ ಹಾಗೆ ಜುಮ್ ಅನ್ನುತ್ತೆ. ಆಮೇಲೆ ಮರಗಟ್ಟುತ್ತೆ,” ಎನ್ನುತ್ತಿದ್ದರು. ವಿಚಿತ್ರವೆಂದರೆ ಹತ್ತುವಾಗ, ಏರಿಗೆ ಮೈ ಬಗ್ಗಿಸಿದ್ದೇ ತಡ, ಸರಸರನೆ ಹೋಗಿಬಿಡುತ್ತಿದ್ದರು. ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿದ್ದವನು ನಾನು!

“ಇಳಿಯೋವಾಗ ನೋವು, ಹತ್ತೋವಾಗ ಇಲ್ಲ. ಇದು ಕಾಲಿನ ತೊಂದರೆ ಅಲ್ಲ, ಮನಸ್ಸಿನ ಸೋಮಾರಿತನ,” ಎಂದು ರೋಗನಿರ್ಣಯ ಮಾಡಿದೆ.

“ಹೌದಾ?” ಎಂದಳು ಹೆಂಡತಿ. “ಹತ್ತೋವಾಗ ನಿಮಗೆ ಬರೋದು ಯಾವುದರ ತೊಂದರೆ?”

ಆ ಪ್ರಶ್ನೆ ನನ್ನ ಪರಿಣತಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ತಿಂಗಳು ಇನ್ನೂ ಮುಗಿದಿರಲಿಲ್ಲ. ಮಾವನಲ್ಲಿ ಒಂದು ಬದಲಾವಣೆ ಕಂಡಿತು. ಸೂಪರ್ ಮಾರ್ಕೆಟ್ಟಿನ ಹುಚ್ಚು! ಮೊದಲೆಲ್ಲ “ಆ ದೀಪದ ಗುಹೆಗೆ ಯಾವನು ಹೋಗ್ತಾನೆ” ಎನ್ನುತ್ತಿದ್ದವರು, ಈಗ “ಏನಾದ್ರೂ ತರಬೇಕಾ?” ಎಂದು ತಾವೇ ಕೇಳತೊಡಗಿದರು. ಬೇಡ ಎಂದರೂ ಹೋಗುವುದು. ಬಹಳ ಹೊತ್ತು ಬಿಟ್ಟು ಬರುವುದು. ತಂದದ್ದು ಏನು? ಒಂದು ಸೋಪು! ಮರುದಿನ ಮತ್ತೊಂದು ಸೋಪು. ಬಚ್ಚಲಿನ ಗೂಡು ತುಂಬಿ, ಪುಸ್ತಕದ ಕಪಾಟಿಗೆ ಸೋಪು ಏರಿತು. ಮನೆಯೆಲ್ಲ ಘಮಘಮ. ಸಾಲದ್ದಕ್ಕೆ ಬರುವಾಗ ಮಾವನ ಮುಖದಲ್ಲಿ ಒಂದು ಕಳೆ. ಒಂದು ದಿನ ಸಿಳ್ಳೆ ಹಾಕುತ್ತ ಬಂದರು.

“ನೋಡೇ,” ಎಂದೆ ಹೆಂಡತಿಗೆ ಪಿಸುದನಿಯಲ್ಲಿ, “ಆ ಬಿಲ್ಲಿಂಗ್ ಕೌಂಟರಿನಲ್ಲಿ ಕನ್ನಡಕದ ಒಬ್ಬರು ಹೆಂಗಸು ಕೂರ್ತಾರಲ್ಲ, ಮಾವನ ವಯಸ್ಸಿನೋರು...”

“ಥೂ! ನಮ್ಮಪ್ಪ ಹಾಗಲ್ಲ!”

“ಸಿಳ್ಳೆ?”

ಹೆಂಡತಿ ಯೋಚನೆಗೆ ಬಿದ್ದಳು. “ಹೋಗಿ ನೋಡ್ಕೊಂಡು ಬನ್ನಿ. ಆದ್ರೆ ಅಪ್ಪನಿಗೆ ಗೊತ್ತಾಗಬಾರದು.”

ಹೀಗಾಗಿ ಮರುದಿನ ಊಟದ ಬಿಡುವಿನಲ್ಲಿ ನಾನು ಅಂಗಡಿಯಿಂದ ನೇರ ಸೂಪರ್ ಮಾರ್ಕೆಟ್ಟಿಗೆ ಹೊರಟೆ. ಆತುರದಲ್ಲಿ ಒಂದು ಸಣ್ಣ ವಿಷಯ ಮರೆತಿದ್ದೆ: ಪತ್ತೇದಾರಿಗೆ ಹೋಗುವವನು ಹೊಳೆಯುವ ಬಿಳಿ ಕೋಟು ಬಿಚ್ಚಿಡಬೇಕು.

ಡಬ್ಬಿಗಳ ಮರೆಯಿಂದ ಇಣುಕಿ ನೋಡಿದೆ. ಕೌಂಟರಿನಲ್ಲಿ ಕನ್ನಡಕದ ಹೆಂಗಸು ಒಬ್ಬರೇ ಆಕಳಿಸುತ್ತಿದ್ದರು. ಮಾವ ಎಲ್ಲಿ? ಅಷ್ಟರಲ್ಲಿ ಅಕ್ಕಿ ಮೂಟೆಗಳ ಸಾಲಿನಿಂದ ಕರಕರ ಸದ್ದು ಬಂತು. ಮಾವ! ಕೈಯಲ್ಲಿ ಟ್ರಾಲಿ! ಅದರ ಹಿಡಿಯ ಮೇಲೆ ಮೊಣಕೈ ಊರಿ, ಮೈ ಮುಂದಕ್ಕೆ ಬಾಗಿಸಿ, ಪಟಪಟನೆ ಹೆಜ್ಜೆ ಹಾಕುತ್ತಿದ್ದಾರೆ! ಟ್ರಾಲಿಯೊಳಗೆ ಒಂದೇ ಒಂದು ಸೋಪು ಅತ್ತಿಂದಿತ್ತ ಉರುಳಾಡುತ್ತಿದೆ. ಬಿಸ್ಕತ್ತಿನ ಸಾಲು, ಪೊರಕೆಯ ಸಾಲು, ಬಕೆಟ್ಟಿನ ಸಾಲು, ತಿರುಗಿ ಅಕ್ಕಿ. ನಿಲ್ಲುವುದಿಲ್ಲ, ‘ಲೇಸು’ ಕಟ್ಟುವುದಿಲ್ಲ! ಸುತ್ತಿನ ಮೇಲೆ ಸುತ್ತು! ಬಾಗಿಲ ಕಾವಲಿನವನು ಇದೆಲ್ಲ ಮಾಮೂಲು ಎಂಬಂತೆ ನೋಡುತ್ತ ನಿಂತಿದ್ದ.

ನನ್ನ ಕಣ್ಣು ತುಂಬಿ ಬಂತು. ಗುಣ ಆಗಿಬಿಟ್ಟಿದೆ! ನನ್ನ ಹಾಸಿಗೆ! ನನ್ನ ಪಟ್ಟಿ! ನನ್ನ ‘ಆಕಾಶ ನೋಡಿ’! ಒಂದೇ ಕೊರತೆ ಎಂದರೆ ಬೆನ್ನು ಬಗ್ಗಿದೆ. ಅದೊಂದು ತಿದ್ದಿಬಿಟ್ಟರೆ...

“ಮಾವ!” ಎಂದು ಮರೆಯಿಂದ ಹಾರಿ ಅಡ್ಡ ನಿಂತೆ. “ಭೇಷ್! ಆದ್ರೆ ಟ್ರಾಲಿ ಯಾಕೆ? ಬಿಡಿ ಅದನ್ನ! ನೆಟ್ಟಗೆ ನಡೀರಿ!”

“ಬೇಡ ಅಳಿಯಂದ್ರೇ, ಬೇಡ, ಬಿಡಿಸಬೇಡಿ...”

ನಾನು ಟ್ರಾಲಿಯನ್ನು ಕಿತ್ತುಕೊಂಡೇ ಬಿಟ್ಟೆ. ಕೈಗೆ ಆಸರೆ ತಪ್ಪಿ ಮಾವ ನೆಟ್ಟಗಾದರು. ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದ ನಾನು, “ಬನ್ನಿ ಬನ್ನಿ” ಎಂದು ಮಗುವನ್ನು ಕರೆಯುವಂತೆ ಕರೆದೆ. ಕೆಲವು ಹೆಜ್ಜೆ ಬಂದರು. ಆಮೇಲೆ ಅವರ ಬಲಗಾಲು ಅವರ ಮಾತು ಕೇಳಲಿಲ್ಲ. ಪಕ್ಕದಲ್ಲಿದ್ದದ್ದನ್ನು ತಬ್ಬಿಕೊಂಡರು. ಪಕ್ಕದಲ್ಲಿದ್ದದ್ದು ಟಿಶ್ಯೂ ಸುರುಳಿಗಳ ಗೋಪುರ. ಗೋಪುರ ಮೊದಲು ತೂಗಿತು, ಆಮೇಲೆ ಯೋಚಿಸಿತು, ಆಮೇಲೆ ಮಾವನ ಸಮೇತ ನೆಲಕ್ಕಿಳಿಯಿತು.

ಹಿಡಿಯಲು ಮುಂದೆ ನುಗ್ಗಿದೆ. ನಡುವೆ ಟ್ರಾಲಿ ಇರುವುದು ಮರೆತಿತ್ತು. ಮಂಡಿಗೆ ಅದರ ಅಂಚು ಬಡಿಯಿತು; ನಾನು ತಲೆಕೆಳಗಾಗಿ ಅದರೊಳಗೆ ಬಿದ್ದೆ, ಸೋಪಿನ ಮೇಲೆ! ಸಾಮಾನು ಇಳಿಸುವ ಇಳಿಜಾರು ಅಲ್ಲೇ ಪಕ್ಕದಲ್ಲಿತ್ತು. ಟ್ರಾಲಿ ಹೊರಟಿತು. ಕಾಲು ಆಕಾಶಕ್ಕೆ ಮಾಡಿಕೊಂಡು, ಬಿಳಿ ಕೋಟು ಪಟಪಟಿಸುತ್ತ ನಾನು ಪೊರಕೆಗಳ ನಡುವಿನಿಂದ ಹಾದು, ಬಕೆಟ್ಟುಗಳ ಸಾಲಿಗೆ ನುಗ್ಗಿ, ಬೆಂಡೆಕಾಯಿ ತುಂಬಿದ ಪೆಟ್ಟಿಗೆಗಳಿಗೆ ಢಿಕ್ಕಿ ಹೊಡೆದು ನಿಂತೆ. ತಲೆಗೆ ಒಂದು ಬಕೆಟ್ಟು ಕಿರೀಟದಂತೆ ಕೂತಿತ್ತು.

“ಡಾಕ್ಟರ್ ಬಂದಿದ್ದಾರೆ, ದಾರಿ ಬಿಡಿ!” ಯಾರೋ ಕೂಗಿದರು. ನಾನೂ ದಾರಿ ಬಿಡಲು ನೋಡಿದೆ. ಆಮೇಲೆ ತಿಳಿಯಿತು, ಆ ಡಾಕ್ಟರ್ ನಾನೇ! ನಾಲ್ಕು ಜನ ನನ್ನನ್ನು ಟ್ರಾಲಿಯಿಂದ ಎತ್ತಿ ಮಾವನ ಮುಂದೆ ಕೂರಿಸಿದರು. “ನೋಡಿ ಡಾಕ್ಟ್ರೇ, ಏನಾಗಿದೆ ಅಂತ ಬೇಗ ನೋಡಿ!”

“ನಾನು... ಹಾಸಿಗೆ ಮಾರೋನು,” ಎಂದೆ.

“ಪಾಪ, ತಲೆಗೆ ಪೆಟ್ಟು ಬಿದ್ದಿದೆ,” ಎಂದರು ಕನ್ನಡಕದ ಹೆಂಗಸು.

ತಮಾಷೆ ಅಲ್ಲಿಗೆ ನಿಂತಿತು. ಮಾವ ಟಿಶ್ಯೂ ಸುರುಳಿಗಳ ನಡುವೆ ಕಾಲು ಚಾಚಿ ಕುಳಿತಿದ್ದರು. ಮೂಳೆಗೇನೂ ಆಗಿರಲಿಲ್ಲ, ಸುರುಳಿಗಳು ಮೆತ್ತಗಿದ್ದವು, ನಾನು ಮಾರುವ ಹಾಸಿಗೆಗಿಂತ ಮೆತ್ತಗೆ. ಆದರೆ ಅವರು ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದ ರೀತಿ! ಯಾರದೋ ಕಾಲು ಕೈಗೆ ಸಿಕ್ಕಿದೆಯೆಂಬಂತೆ.

“ಟ್ರಾಲಿ ಹಿಡಿದ್ರೆ ಮಾತ್ರ ನಡೀತದೆ ಅಳಿಯಂದ್ರೇ,” ಎಂದರು ಮೆಲ್ಲಗೆ. “ಅದು ಹೇಗೋ ಗೊತ್ತಾಗಿಹೋಯ್ತು. ಅದಕ್ಕೇ ಇಲ್ಲಿ ಬರ್ತಿದ್ದೆ. ಕಾಲು ಪೂರ್ತಿ ಮರೆತುಬಿಟ್ರೆ ಅಂತ ಭಯ.”

ಡ್ರಿಲ್ ಮಾಸ್ತರ ಬಾಯಲ್ಲಿ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ತಿಂಗಳಿನ ಗಡುವನ್ನು ಅಲ್ಲೇ ಬಕೆಟ್ಟಿನಲ್ಲಿ ಹಾಕಿ, ಹೆಂಡತಿಗೆ ಫೋನು ಮಾಡಿ, ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಟ್ಯಾಕ್ಸಿಯವರೆಗೆ ಮಾವ ಟ್ರಾಲಿ ಹಿಡಿದೇ ನಡೆದರು. ಕಾವಲಿನವನು ಬೇಡ ಎನ್ನಲಿಲ್ಲ. ಬಾಗಿಲು ತೆರೆದು ಹಿಡಿದ. ಅವನನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು, ನಾನಂತೂ ನೆನೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಕೋಟಿನ ಕಾಟ ಮುಂದುವರಿಯಿತು. ನರ್ಸೊಬ್ಬರು ಓಡಿ ಬಂದು, “ಸಾರ್, ಮೂಲೆ ಬೆಡ್ ಸ್ವಲ್ಪ ನೋಡಿ” ಎಂದರು. ಕೈ ಸುಮ್ಮನಿರಬೇಕಲ್ಲ! ಹೋಗಿ ಬೆಡ್ಡನ್ನು ಅದುಮಿ, “ತೀರಾ ಮೆತ್ತಗಿದೆ” ಎಂದು ಹೇಳಿ ಬಂದೆ. ಅದರ ಮೇಲೆ ಮಲಗಿದ್ದವರು ಗಾಬರಿಯಾಗಿ ಎದ್ದು ಕೂತರು.

ಮೂಳೆಯ ಡಾಕ್ಟರಮ್ಮ ಸಣ್ಣ ಮೈಕಟ್ಟಿನ, ದೊಡ್ಡ ತಾಳ್ಮೆಯ ಹೆಂಗಸು. ನನ್ನ ಕೋಟು ನೋಡಿ, “ನೀವು ಯಾವ ವಿಭಾಗ?” ಎಂದು ಕೇಳಿದರು.

“ಹಾಸಿಗೆ ವಿಭಾಗ,” ಎಂದಳು ಅಷ್ಟರಲ್ಲಿ ಓಡಿ ಬಂದಿದ್ದ ನನ್ನ ಹೆಂಡತಿ.

ಡಾಕ್ಟರಮ್ಮ ಮಾವನ ಪಾದದ ನಾಡಿ ಒತ್ತಿ ನೋಡಿದರು. ಹೆಬ್ಬೆರಳು ಎತ್ತಿಸಿ, ಹಿಮ್ಮಡಿಯ ಮೇಲೆ ನಡೆಸಿ ನೋಡಿದರು. “ರಕ್ತದ ಓಟ ಚೆನ್ನಾಗಿದೆ. ನಡೆದಾಗ ಕಾಲು ನೋವು ಬಂದ್ರೆ, ಬರೀ ನಿಂತ್ಕೊಂಡ್ರೆ ಹೋಗುತ್ತಾ?”

“ಇಲ್ಲ. ಬಗ್ಗಬೇಕು. ಇಲ್ಲ ಕೂರಬೇಕು.”

“ಇಳಿಜಾರು?”

“ನರಕ.”

“ಏರು?”

“ಅಳಿಯಂದ್ರನ್ನ ಕೇಳಿ.”

ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

“ಅಂಗಡಿ ಟ್ರಾಲಿ ತಳ್ಕೊಂಡು ಹೋದ್ರೆ?” ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ನಾವು ಮೂವರೂ ಒಟ್ಟಿಗೆ “ಅಯ್ಯೋ!” ಎಂದೆವು. ಇವರಿಗೆ ಹೇಗೆ ಗೊತ್ತಾಯಿತು? ಅವರು ನಕ್ಕರು. “ಈ ತೊಂದರೆ ಇರೋರಲ್ಲಿ ಬಹಳ ಜನ ಇದನ್ನೇ ಹೇಳ್ತಾರೆ. ಎಲ್ಲಿ, ಆ ಕೋಟು ಬಿಚ್ಚಿ ಕೊಡಿ.”

ಕೊಟ್ಟೆ. ಅವರು ಅದರ ತೋಳಿನೊಳಗೆ ತಮ್ಮ ಸ್ಟೆತಾಸ್ಕೋಪಿನ ಕೊಳವೆ ತೂರಿಸಿದರು. “ಬೆನ್ನುಮೂಳೆ ಅಂದ್ರೆ ಒಂದೇ ಮೂಳೆ ಅಲ್ಲ ನೋಡಿ. ಚಿಕ್ಕ ಚಿಕ್ಕ ಮೂಳೆಗಳು, ಒಂದರ ಮೇಲೊಂದು. ಮಧ್ಯೆ ಮಧ್ಯೆ ಮೆತ್ತೆ.”

ಮೆತ್ತೆ! ಇಷ್ಟು ವರ್ಷ ಮೆತ್ತೆ ಮಾರಿದವನಿಗೆ ಸ್ವಂತ ಬೆನ್ನೊಳಗೆ ಅಷ್ಟೊಂದು ಸರಕು ದಾಸ್ತಾನಿರುವುದು ಗೊತ್ತಿರಲಿಲ್ಲ!

“ಇವುಗಳ ಒಳಗೆ ಈ ತೋಳಿನ ಹಾಗೆ ಒಂದು ದಾರಿ. ಅದರಲ್ಲಿ ಕಾಲಿಗೆ ಹೋಗೋ ನರಗಳು. ವಯಸ್ಸಾದ ಹಾಗೆ ಮೆತ್ತೆ ಒಣಗಿ ಉಬ್ಬುತ್ತೆ, ಮೂಳೆ ಕಟ್ಟೋ ಪಟ್ಟಿಗಳು ದಪ್ಪ ಆಗ್ತವೆ, ಮೂಳೆ ಅಂಚು ಬೆಳೆಯುತ್ತೆ. ದಾರಿ ಕಿರಿದಾಗುತ್ತೆ.” ತೋಳನ್ನು ಮುಷ್ಟಿಯಲ್ಲಿ ಹಿಚುಕಿ ತೋರಿಸಿದರು. “ಇರುಕು ಸೊಂಟದಲ್ಲಿ, ಕೂಗು ಕಾಲಲ್ಲಿ. ಇದಕ್ಕೆ ಸ್ಪೈನಲ್ ಸ್ಟೆನೋಸಿಸ್ ಅಂತೀವಿ. ಮುಂದೆ ಬಗ್ಗಿದ್ರೆ ಆ ದಾರಿ ಒಂಚೂರು ಅಗಲ ಆಗುತ್ತೆ, ನರಕ್ಕೆ ಉಸಿರು ಬಂದ ಹಾಗೆ. ಟ್ರಾಲಿ ಮೇಲೆ ಬಾಗಿದಾಗ ಇವರು ಓಡೋದು ಅದಕ್ಕೇ.”

ನಾನು ಮೆಲ್ಲಗೆ ಕೇಳಿದೆ: “ಹಾಗಾದ್ರೆ... ನೆಟ್ಟಗೆ ನಿಲ್ಲಿಸಿ, ಎದೆ ಮುಂದೆ ಮಾಡಿಸಿ, ಆಕಾಶ ನೋಡಿಸಿದ್ರೆ?”

“ಇನ್ನೂ ಇರುಕು! ಯಾರು ಹೇಳಿದ್ದು ಹಾಗೆ ಮಾಡೋಕೆ?”

ಹೆಂಡತಿ ನನ್ನನ್ನು ನೋಡಿದಳು. ಆ ನೋಟಕ್ಕೆ ಇಡೀ ಗೋದಾಮು ಹೊತ್ತಿಕೊಳ್ಳುತ್ತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಹೇಳಿದರು:

“ಯಾರೂ ಹೇಳಲಿಲ್ಲ ಡಾಕ್ಟ್ರೇ. ಡ್ರಿಲ್ ಮಾಸ್ತರು ನಾನು. ಹಳೇ ಚಾಳಿ.”

ನನ್ನ ಜೀವಮಾನದಲ್ಲಿ ಯಾರೂ ನನಗಾಗಿ ಅಷ್ಟು ಚೆಂದದ ಸುಳ್ಳು ಹೇಳಿರಲಿಲ್ಲ. ಬಿಳಿ ಕೋಟು ಇಲ್ಲದೆ, ತೋಳು ಮಾಸಿದ ಅಂಗಿಯಲ್ಲಿ, ನಾನು ತಲೆ ತಗ್ಗಿಸಿ ನಿಂತೆ. ಆ ಕ್ಷಣ ನನ್ನ ಬೆನ್ನೂ ಚೆನ್ನಾಗಿಯೇ ಬಾಗಿತ್ತು.

ಮಾವ ಕುರ್ಚಿಯ ಅಂಚಿಗೆ ಸರಿದರು. ಅವರು ಕೇಳಬೇಕೆಂದಿದ್ದುದು ಒಂದೇ ಪ್ರಶ್ನೆ. “ನಡೆಯೋದು ನಿಲ್ಲಿಸಬೇಕಾ?”

“ಯಾರು ಹೇಳಿದ್ದು? ನಡೀಲೇಬೇಕು!” ಎಂದರು ಡಾಕ್ಟರಮ್ಮ. “ಬಗ್ಗಿ ನಡೀರಿ, ಸುಸ್ತಾದ್ರೆ ಕೂತ್ಕೊಳ್ಳಿ, ಮತ್ತೆ ನಡೀರಿ. ಬಗ್ಗಿದ್ರೆ ಮರ್ಯಾದೆ ಹೋಗಲ್ಲ.”

ಮಾವ ಕಿಟಕಿಯ ಕಡೆ ತಿರುಗಿದರು. ಏನೋ ಕಣ್ಣಿಗೆ ಬಿದ್ದಿತಂತೆ. ಹೆಂಡತಿಯ ಕಣ್ಣಿಗೂ ಅದೇ ಬಿತ್ತು. ಆ ಕೋಣೆಯಲ್ಲಿ ಧೂಳು ಬಹಳ, ನನಗೂ ಬಿತ್ತು.

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಹೇಳಿದ್ದೇ ನಿಜ: ಸೊಂಟದ ಹತ್ತಿರ ದಾರಿ ಕಿರಿದಾಗಿತ್ತು, ಆದರೆ ಕಾಲಿನ ಬಲ ಉಳಿದಿತ್ತು. ಆ ದಿನ ಬಲಗಾಲು ಕೈಕೊಟ್ಟದ್ದು, ನೆಟ್ಟಗೆ ನಿಲ್ಲಿಸಿದ್ದಕ್ಕೆ ಅದು ಹೂಡಿದ ಮುಷ್ಕರ. ಸದ್ಯಕ್ಕೆ ಆಪರೇಷನ್ ಬೇಡ. ನೋವಿಗೆ ಮಾತ್ರೆ, ವ್ಯಾಯಾಮ ಕಲಿಸುವವರ ಹತ್ತಿರ ಹೊಟ್ಟೆ ಸೊಂಟಗಳ ಬಲಕ್ಕೆ ಅಭ್ಯಾಸ, ಮಂಡಿಯನ್ನು ಎದೆಗೆ ತಂದು ಬೆನ್ನು ಬಗ್ಗಿಸುವ ಕಸರತ್ತು, ಕೂತಲ್ಲೇ ತುಳಿಯುವ ಸೈಕಲ್ಲು. ಇದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಇದೆ. ಕಾಲು ಸೋಲುತ್ತ ಬಂದರೆ ಇರುಕು ಬಿಡಿಸುವ ಆಪರೇಷನ್ ಇದೆ. “ಒಂದು ಮಾತು ಮಾತ್ರ ನೆನಪಿರಲಿ,” ಎಂದರು. “ಮೂತ್ರದ ಮೇಲೆ, ಮಲದ ಮೇಲೆ ಹಿಡಿತ ತಪ್ಪಿದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಕಾಲು ದಿಢೀರ್ ಸೋತ್ರೆ ಆ ಗಳಿಗೇಲೇ ಆಸ್ಪತ್ರೆಗೆ ಬರಬೇಕು. ಅಳಿಯಂದಿರ ಸಲಹೆ ಕೇಳ್ತಾ ಕೂರಬಾರದು.”

ಅಂದರೆ ಅವರಿಗೆ ಎಲ್ಲ ಗೊತ್ತಾಗಿತ್ತು!

ಗಟ್ಟಿ ಹಾಸಿಗೆ ಗೋದಾಮಿಗೆ ವಾಪಸಾಯಿತು. ಸೊಂಟದ ಪಟ್ಟಿಯಲ್ಲಿ ಈಗ ಹೆಂಡತಿ ಹಳೇ ಪೇಪರು ಕಟ್ಟುತ್ತಾಳೆ. ಮಾವ ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟುಕೊಂಡು, ಮೊದಲಿನಂತೆ ಮುದುರಿ ಮಲಗುತ್ತಾರೆ. ಅವರಿಗೆ ಗಾಲಿಯಿರುವ ಒಂದು ಆಸರೆ ತಂದಿ‌ದ್ದೇವೆ. ಹಿಡಿಯ ಮೇಲೆ ಬಾಗಿ ತಳ್ಳಬಹುದು, ಸುಸ್ತಾದರೆ ಅದರ ಮೇಲೆಯೇ ಕೂರಬಹುದು. ಮಾವ ಅದಕ್ಕೆ ಸೈಕಲ್ ಬೆಲ್ಲು ಹಾಕಿಸಿಕೊಂಡಿದ್ದಾರೆ. ಮನೆಯ ಸೋಪು ಇನ್ನೂ ಮುಗಿದಿಲ್ಲ. ಸೂಪರ್ ಮಾರ್ಕೆಟ್ಟಿನವರು ಬಕೆಟ್ಟು, ಬೆಂಡೆಕಾಯಿಗಳನ್ನು ಕ್ಷಮಿಸಿ, ನನ್ನನ್ನು ಕಂಡಾಗಲೆಲ್ಲ “ಡಾಕ್ಟ್ರೇ, ಟ್ರಾಲಿ ಬೇಕಾ?” ಎಂದು ಕೇಳುತ್ತಾರೆ. ಅಂಗಡಿಯಲ್ಲಿ ನಾನು ಕೋಟು ಹಾಕುವುದನ್ನು ಬಿಟ್ಟೆ. ಯಾರಾದರೂ ಬೆನ್ನು ತೋರಿಸಿದರೆ, “ಹಾಸಿಗೆ ನಾನು ಕೊಡ್ತೀನಿ, ಬೆನ್ನನ್ನ ಡಾಕ್ಟರಿಗೆ ಕೊಡಿ” ಎನ್ನುತ್ತೇನೆ. ಯಜಮಾನರು ಗುರಾಯಿಸುತ್ತಾರೆ. ಗುರಾಯಿಸಲಿ.

ಬೆಳಗಿನ ನಡಿಗೆ ಮಾತ್ರ ನಿಂತಿಲ್ಲ. ಮೊನ್ನೆ ಪಾರ್ಕಿನ ಬೆಂಚಿನ ಪಕ್ಕ ಮಾವ ತಮ್ಮ ಆಸರೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿದ್ದ ಮಾತೊಂದಿತ್ತು. ಕೇಳುವುದು ಹೇಗೆ? ಕೆಮ್ಮಿದೆ. ಚಪ್ಪಲಿ ನೋಡಿಕೊಂಡೆ. ಆಮೇಲೆ ಕೇಳಿಯೇಬಿಟ್ಟೆ:

“ಮಾವ... ನಾನು ಹೇಳಿದ್ದೆಲ್ಲ ತಪ್ಪು. ನಿಮಗೆ ಅಷ್ಟು ನೋವಿತ್ತು. ಆದ್ರೂ ದಿನಾ ನನ್ನ ಜೊತೆ ಬಂದ್ರಿ. ನನ್ನ ಮೇಲೆ ಅಷ್ಟೊಂದು ನಂಬಿಕೆ ಇತ್ತಾ?”

ಮಾವ ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು. ನೋಟ ಅಲ್ಲೇ ನಿಂತಿತು. ನನ್ನ ಬೆಲ್ಟು ಈಗ ಒಳಗಿನ ತೂತಿಗೆ ಬರುತ್ತಿತ್ತು, ಅದು ಬೇರೆ ವಿಷಯ.

“ನಂಬಿಕೆಯಾ? ನಿನ್ನ ಮೇಲಾ?” ಎಂದರು. ಬಹುವಚನ ಎಲ್ಲಿಗೆ ಹೋಯಿತೋ! “‘ಅಪ್ಪ, ಇವರು ಏದುಸಿರು ಬಿಡ್ತಾರೆ, ಭಯ ಆಗುತ್ತೆ, ಹೇಗಾದ್ರೂ ಮಾಡಿ ನಡೆಸು’ ಅಂತ ಮಗಳು ನಿನ್ನನ್ನ ನನ್ನ ಕೈಗೆ ಒಪ್ಪಿಸಿದ್ಲು. ನಾನು ಮನೇಲಿ ಕೂತಿದ್ರೆ ನೀನೂ ಕೂತುಬಿಡ್ತಿದ್ದೆ. ಹ್ಞೂಂ, ಏಳು! ಹೊಟ್ಟೆ ಒಳಗೆ! ನಡಿ!”